ಇಂಗ್ಲಿಷ್ ಪದಗಳಿಗೂ ಪ್ರಸ್ತಾರ ಹಾಕ್ಬೋದು

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಮಕ್ಕಳನ್ನ ಸೇರಿಸೋಕೆ ಬರೋ ಅಪ್ಪ ಅಮ್ಮಂದಿರು ಮೊದಲು ಕೇಳೋದೇ ಆಕ್ಸೆಂಟ್ ಬಗ್ಗೆ. "ಮೇಡಂ, ಇವಳ ಇಂಗ್ಲಿಷಲ್ಲಿ ಕನ್ನಡ ವಾಸನೆ ಹೊಡಿಯುತ್ತೆ, ಅದೊಂದು ಹೋಗೋ ಹಂಗೆ ಮಾಡ್ಕೊಡಿ" ಅಂತಾರೆ. ನಾನು ಎಲ್ಲರಿಗೂ ಹೇಳೋದು ಇಷ್ಟೇ, ಆ ವಾಸನೆ ಇರ್ಲಿ ಬಿಡಿ, ಅದ್ರಿಂದ ಯಾರಿಗೂ ತೊಂದ್ರೆ ಇಲ್ಲ. ಸ್ಕಾಟ್ಲೆಂಡಿನವರ ಇಂಗ್ಲಿಷಿಗೆ ಸ್ಕಾಟ್ಲೆಂಡಿನ ವಾಸನೆ ಇದೆ, ಐರ್ಲೆಂಡಿನವರದ್ದಕ್ಕೆ ಅಲ್ಲಿಂದು, ನಮ್ಮದಕ್ಕೆ ಹಾಸನದ್ದೋ ಧಾರವಾಡದ್ದೋ ಇದ್ರೆ ಏನೀಗ. ತೊಂದ್ರೆ ಇರೋದು ಬೇರೆ ಕಡೆ, ಮತ್ತೆ ಅದನ್ನ ನಮ್ಮ ಸ್ಕೂಲು ಕಾಲೇಜಲ್ಲಿ ಹೆಚ್ಚುಕಮ್ಮಿ ಯಾರೂ ಹೇಳ್ಕೊಡಲ್ಲ. ಒಂದು ಪದದಲ್ಲಿ ಯಾವ ಸಿಲಬಲ್ ಮೇಲೆ, ಅಂದ್ರೆ ಉಚ್ಚಾರಣೆಯ ಯಾವ ತುಂಡಿನ ಮೇಲೆ, ಒತ್ತು ಬೀಳ್ಬೇಕು ಅನ್ನೋದು. ವರ್ಡ್ ಸ್ಟ್ರೆಸ್ ಅಂತಾರಲ್ಲ, ಅದು.

ಹೋದ ವರ್ಷ ನಮ್ಮ ಬಿ.ಕಾಂ ಫೈನಲ್ ಇಯರ್ ಹುಡುಗಿಯೊಬ್ಬಳಿಗೆ ಆನ್‌ಲೈನಲ್ಲಿ ಒಂದು ಮಾಕ್ ಇಂಟರ್ವ್ಯೂ ಇತ್ತು, ಆ ಕಡೆ ಇಂಗ್ಲೆಂಡಲ್ಲಿ ಹುಟ್ಟಿ ಬೆಳೆದ ಒಬ್ರು. ಹುಡುಗಿ ಗ್ರಾಮರ್ ಪಕ್ಕಾ, ಧೈರ್ಯವೂ ಇದೆ. "ಐ ವಾಂಟ್ ಟು ಬಿಲ್ಡ್ ಮೈ ಕ್ಯಾರಿಯರ್ ಇನ್ ಫೈನಾನ್ಸ್" ಅಂದ್ಲು. ಅವ್ರು "ಯುವರ್ ವಾಟ್, ಸಾರಿ?" ಅಂದ್ರು. ಇವಳು ಇನ್ನೂ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ "ಕ್ಯಾ-ರಿ-ಯರ್" ಅಂದ್ಲು. ಅವರಿಗೆ ಸಾಮಾನು ಸಾಗಿಸೋ ಕ್ಯಾರಿಯರ್ ಅಂತಾನೇ ಕೇಳಿಸ್ತು, ಫೈನಾನ್ಸಿಗೂ ಅದಕ್ಕೂ ಏನು ಸಂಬಂಧ ಅಂತ ಹೊಳೀಲಿಲ್ಲ. ನಮ್ಮ ಮಾತು ಅರ್ಥ ಆಗಿಲ್ಲ ಅಂದ ತಕ್ಷಣ ನಾವು ಮಾಡೋದೇ ಇದು, ದನಿ ಏರಿಸ್ತೀವಿ, ಎಲ್ಲಾ ಸಿಲಬಲ್ಲಿಗೂ ಸಮ ಒತ್ತು ಕೊಡ್ತೀವಿ, ಅಷ್ಟೊತ್ತಿಗೆ ಕೇಳೋರಿಗೆ ಇದ್ದ ಒಂದು ಸುಳಿವೂ ಕೈ ಬಿಟ್ಟು ಹೋಗುತ್ತೆ. ಅವಳು ಹೇಳ್ಬೇಕಿದ್ದ ಪದದಲ್ಲಿ ತೂಕ ಇರೋದು ರೀ ಮೇಲೆ, ಕ-ರೀ-ಯರ್, ಮೊದಲ ಕ ಬಂತೋ ಇಲ್ವೋ ಅನ್ನೋ ಹಂಗೆ. ಸಾಮಾನು ಸಾಗಿಸೋ ಪದದಲ್ಲಿ ತೂಕ ಮೊದಲಲ್ಲಿ. ಎರಡೂ ಬೇರೆ ಬೇರೆ ಪದ ಅಂತ ಇಂಗ್ಲಿಷ್ ಕಿವಿಗೆ ಮುಖ್ಯವಾಗಿ ಗೊತ್ತಾಗೋದೇ ಅಲ್ಲಿಂದ.

ಒತ್ತು ಅಂದ್ರೆ ಜೋರಾಗಿ ಹೇಳೋದು ಮಾತ್ರ ಅಲ್ಲ. ಒತ್ತು ಬಿದ್ದ ಸಿಲಬಲ್ ಸ್ವಲ್ಪ ಉದ್ದ ಆಗುತ್ತೆ, ದನಿ ಸ್ವಲ್ಪ ಏರುತ್ತೆ, ಸ್ವರ ಚೊಕ್ಕವಾಗಿ ಕೇಳುತ್ತೆ, ಪಕ್ಕದ ಸಿಲಬಲ್‌ಗಳು ಸೊರಗಿ ಹೋಗ್ತವೆ. ಆ ಸೊರಗಿದ ಸ್ವರಕ್ಕೆ ಶ್ವಾ ಅಂತ ಹೆಸರು, ನಮ್ಮ ಹ್ರಸ್ವ ಅಕಾರಕ್ಕೆ ಹತ್ತಿರ, ಅದಕ್ಕಿಂತಲೂ ಮೆತ್ತಗೆ. ಇಂಗ್ಲಿಷಲ್ಲಿ ಅತಿ ಹೆಚ್ಚು ಸಲ ಬರೋ ಸ್ವರ ಅದೇ, ಆದ್ರೂ ಅದಕ್ಕೆ ಅಂತ ಒಂದು ಅಕ್ಷರ ಇಲ್ಲ, ಎ ಇ ಐ ಓ ಯು ಯಾವುದರಲ್ಲಿ ಬೇಕಾದ್ರೂ ಅಡಗಿರುತ್ತೆ. ಫೋಟೋಗ್ರಾಫ್ ಅನ್ನೋ ಪದ ತಗೊಳ್ಳಿ. ಅದರಲ್ಲಿ ಒತ್ತು ಮೊದಲಲ್ಲಿ, ಫೋ-ಟ-ಗ್ರಾಫ್. ಫೋಟೋಗ್ರಫಿ ಅಂದಾಗ ಒತ್ತು ಎರಡನೇದಕ್ಕೆ ಜಿಗಿಯುತ್ತೆ, ಫ-ಟಾ-ಗ್ರ-ಫಿ, ಫೋ ಅನ್ನೋದು ಬರೀ ಫ ಆಗೋಯ್ತು. ಫೋಟೋಗ್ರಾಫಿಕ್ ಅಂದ್ರೆ ಮೂರನೇದಕ್ಕೆ, ಫೋ-ಟ-ಗ್ರ್ಯಾ-ಫಿಕ್. ಒಂದೇ ಬೇರಿನ ಮೂರು ಪದ, ಒತ್ತು ಮೂರು ಜಾಗದಲ್ಲಿ, ಅದು ಜರುಗಿದ ಹಾಗೆಲ್ಲ ಸ್ವರಗಳೂ ಬದಲಾಗ್ತಾ ಹೋಗ್ತವೆ. ನಾವು ಮೂರನ್ನೂ ಫೋಟೋಗ್ರಾ- ಅಂತಾನೇ ಶುರು ಮಾಡ್ತೀವಿ.

ಯಾಕೆ ಹಿಂಗೆ? ದಡ್ಡತನ ಅಲ್ಲ, ಸೋಂಬೇರಿತನ ಅಲ್ಲ. ಕನ್ನಡದಲ್ಲಿ ಒತ್ತಿನ ಜಾಗ ಬದಲಾಯಿಸಿ ಪದದ ಅರ್ಥ ಬದಲಾಯಿಸೋ ಪದ್ಧತಿನೇ ಇಲ್ಲ. ನಮ್ಮಲ್ಲಿ ಅರ್ಥ ಬದಲಾಗೋದು ಸ್ವರದ ಉದ್ದದಿಂದ. ಕಡು ಬೇರೆ, ಕಾಡು ಬೇರೆ, ಬಿಡು ಬೇರೆ, ಬೀಡು ಬೇರೆ. ಹುಟ್ಟಿದಾಗಿಂದ ನಮ್ಮ ಕಿವಿ ಅಳೀತಾ ಬಂದಿರೋದು ಮಾತ್ರೆ, ಹ್ರಸ್ವನಾ ದೀರ್ಘನಾ, ಮುಂದೆ ಒತ್ತಕ್ಷರ ಇದೆಯಾ ಅನ್ನೋದು. ಹೈಸ್ಕೂಲಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕ್ತಿದ್ವಲ್ಲ, ಲಘುಗೆ ಒಂದು ಗುರುತು, ಗುರುಗೆ ಒಂದು ಗೆರೆ, ಅದೇ ಲೆಕ್ಕಾಚಾರ ನಮ್ಮ ತಲೇಲಿ ಇಂಗ್ಲಿಷ್ ಪದಗಳ ಮೇಲೂ ಸದ್ದಿಲ್ಲದೆ ನಡೀತಾ ಇರುತ್ತೆ.

ಬೇಕಾದ್ರೆ ಲೆಕ್ಕ ಹಾಕಿ ನೋಡಿ. ಇಂಡಸ್ಟ್ರಿ, ಇದರಲ್ಲಿ ಡ ಮುಂದೆ ಸ್ಟ್ರಿ ಅನ್ನೋ ಒತ್ತಕ್ಷರ ಇದೆ, ಹಾಗಾಗಿ ಡ ಗುರು, ನಾವು ಅಲ್ಲೇ ಕೂತ್ಕೊಂಡು ಇಂ-ಡಸ್-ಟ್ರಿ ಅಂತೀವಿ, ಇಂಗ್ಲಿಷಲ್ಲಿ ಒತ್ತು ಇರೋದು ಮೊದಲಲ್ಲಿ. ಕ್ಯಾಲೆಂಡರ್, ನಡುವೆ ಲೆಂ ಗುರು, ನಮ್ಮ ಒತ್ತು ಅಲ್ಲಿ, ಅವರದ್ದು ಮೊದಲಲ್ಲಿ. ಕ್ಯಾರೆಕ್ಟರ್, ಅದೇ ಕಥೆ. ಇನ್ನೊಂದು ಗುಂಪು ಇದೆ, ಕಮಿಟಿ, ಡೆವಲಪ್, ಇವುಗಳ ನಡುವಿನ ಅಕ್ಷರ ಲಘು, ಹಿಡ್ಕೊಳ್ಳೋಕೆ ಅಲ್ಲಿ ತೂಕ ಇಲ್ಲ ಅಂತ ನಾವು ಮೊದಲ ಅಕ್ಷರಕ್ಕೇ ಬಂದುಬಿಡ್ತೀವಿ, ಆದ್ರೆ ಇಂಗ್ಲಿಷಲ್ಲಿ ಒತ್ತು ಇರೋದು ನಡುವಿನ ಆ ಮಿ ಮೇಲೆ, ಆ ವೆ ಮೇಲೆ. ಇಂಜಿನಿಯರಿಂಗ್ ಹುಡುಗ್ರು ದಿನಕ್ಕೆ ಎಷ್ಟೋ ಸಲ ಹೇಳೋ ಕಾಂಪೊನೆಂಟ್ ಕೂಡ ಅಷ್ಟೆ. ಕಾಂ ನಮಗೆ ಭರ್ಜರಿ ಗುರು, ಪೊ ಬಡ ಲಘು. ಇಂಗ್ಲಿಷಲ್ಲಿ ಸರಿಯಾಗಿ ತಿರುಗುಮುರುಗು, ಕಂ-ಪೋ-ನಂಟ್.

ಹಾಗಾದ್ರೆ ನಮಗೆ ಸಲೀಸಾಗಿ ಸರಿ ಬರೋ ಪದ ಯಾವುದು? ಪೊಲೀಸ್, ಕ್ಯಾಂಟೀನ್, ಮೆಷೀನ್, ಬಲೂನ್. ಇವುಗಳನ್ನ ಯಾರೂ ತಪ್ಪು ಹೇಳಲ್ಲ, ಹಳ್ಳಿ ಅಜ್ಜೀನೂ ಹೇಳಲ್ಲ. ಒತ್ತು ಬಿದ್ದಿರೋ ಜಾಗದಲ್ಲೇ ದೀರ್ಘವೂ ಇದೆ, ನಮ್ಮ ಕಿವಿ ಅದನ್ನ ಗುರು ಅಂತ ಹಿಡ್ಕೊಂಡಿದೆ. ಅಂದ್ರೆ ಒತ್ತು ನಮಗೆ ಕೇಳಿಸೋದೇ ಇಲ್ಲ ಅಂತಲ್ಲ, ಉದ್ದದ ವೇಷದಲ್ಲಿ ಬಂದ್ರೆ ಕೇಳಿಸುತ್ತೆ. ನನ್ನ ಪೂರ್ತಿ ಪಾಠ ನಿಂತಿರೋದು ಈ ಒಂದು ಮಾತಿನ ಮೇಲೆ.

ಇನ್ನೊಂದು ವಿಷಯ, ನುಂಗೋದು. "ಇಂಗ್ಲಿಷ್‌ನವ್ರು ಅಕ್ಷರ ನುಂಗ್ತಾರೆ ಮೇಡಂ, ನಮಗೆ ಹಂಗೆಲ್ಲ ಬರಲ್ಲ" ಅಂತ ಮಕ್ಕಳು ಹೇಳ್ತಾರೆ. ಬರಲ್ವಾ? ಹೆಸರು ಅನ್ನೋದನ್ನ ಹೆಸ್ರು ಅಂತೀವಿ, ಕುದುರೇನ ಕುದ್ರೆ ಅಂತೀವಿ, ಬರುತ್ತಾನೆ ಅಂತ ಬರೆದು ಬರ್ತಾನೆ ಅಂತ ಓದ್ತೀವಿ. ದಿನಾ ನುಂಗ್ತೀವಿ. ವ್ಯತ್ಯಾಸ ಏನಂದ್ರೆ ನಾವು ನುಂಗೋದು ನಡುವಿನ ಅಕ್ಷರ, ಮೊದಲ ಅಕ್ಷರವನ್ನ ಸಾಮಾನ್ಯವಾಗಿ ಮುಟ್ಟಲ್ಲ, ಅದು ಗಟ್ಟಿ. ವೆಜಿಟೇಬಲ್ ಅನ್ನೋದನ್ನ ಇಂಗ್ಲಿಷಿನವ್ರು ವೆಜ್-ಟ-ಬಲ್ ಅನ್ನೋದೂ ಹೆಸ್ರು ಅನ್ನೋದೂ ಒಂದೇ ತರದ ಕೆಲಸ, ಮೊದಲನೇದು ಗಟ್ಟಿ, ನಡುವಿಂದು ಮಾಯ, ಹಂಗಾಗಿ ಇದು ನಮಗೆ ಬೇಗ ಬರಬೇಕು, ಬರುತ್ತೆ ಕೂಡ. ಕಷ್ಟ ಆಗೋದು ಮೊದಲ ಅಕ್ಷರವನ್ನ ಸೊರಗಿಸ್ಬೇಕಾದಾಗ. ಹೊಟೆಲ್ ಅನ್ನೋ ಪದ ಕನ್ನಡಕ್ಕೆ ಬಂದು ಹೋಟ್ಲು ಆಯ್ತು ನೋಡಿ, ಇಂಗ್ಲಿಷಿನವ್ರು ಯಾವ ಸಿಲಬಲ್ ಮೇಲೆ ಒತ್ತು ಹಾಕ್ತಾರೋ ಸರಿಯಾಗಿ ಅದರ ಸ್ವರವನ್ನೇ ನಾವು ನುಂಗಿ ಹಾಕಿದ್ವಿ. ಆಫೀಸ್ ಇದರ ಉಲ್ಟಾ, ಅಲ್ಲಿ ಅವರು ಅಡಗಿಸೋ ಸ್ವರವನ್ನ ನಾವು ಫೀ ಅಂತ ಎಳೆದ್ವಿ. ಇವೆಲ್ಲ ಈಗ ಕನ್ನಡದ ಪದಗಳೇ, ಕನ್ನಡ ಮಾತಾಡುವಾಗ ಹೋಟ್ಲು ಹೋಟ್ಲೇ, ಅದನ್ನ ತಿದ್ದೋಕೆ ಹೋಗೋರನ್ನ ಕಂಡ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ. ಇಂಗ್ಲಿಷ್ ವಾಕ್ಯದ ಒಳಗೆ ಹೇಳ್ಬೇಕಾದಾಗ ಮಾತ್ರ ಅದು ಬೇರೆ ಪದ ಅಂತ ತಿಳ್ಕೋಬೇಕು.

ಕೇಳೋರ ಕಡೆಯಿಂದ ನೋಡಿದ್ರೆ ಯಾಕೆ ಇಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತೆ. ಮಾತಲ್ಲಿ ಪದದ ಮಧ್ಯೆ ಖಾಲಿ ಜಾಗ ಇರಲ್ಲ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡೇ ಬರುತ್ತೆ. ಇಂಗ್ಲಿಷ್ ಮಾತೃಭಾಷೆಯವರ ಕಿವಿ ಅದನ್ನ ಕತ್ತರಿಸೋದು ಒತ್ತಿರೋ ಸಿಲಬಲ್ ಬಂದ ಕಡೆ, ಇಲ್ಲಿಂದ ಹೊಸ ಪದ ಶುರು ಅಂತ ಅಂದಾಜು ಮಾಡ್ಕೊಂಡು. ಆನ್ ಕಟ್ಲರ್ ಅನ್ನೋ ಭಾಷಾ ಮನೋವಿಜ್ಞಾನಿ 1980ರ ದಶಕದಲ್ಲಿ ಇದನ್ನ ಪ್ರಯೋಗ ಮಾಡಿ ತೋರಿಸಿದ್ರು. ಇಂಗ್ಲಿಷ್ ಮಾತುಕತೆಯಲ್ಲಿ ಬರೋ ಅರ್ಥವುಳ್ಳ ಪದಗಳಲ್ಲಿ ಸುಮಾರು ಶೇಕಡಾ 90 ಗಟ್ಟಿ ಸಿಲಬಲ್ಲಿಂದಾನೇ ಶುರುವಾಗ್ತವೆ ಅಂತ ಅವರು ಡೇವಿಡ್ ಕಾರ್ಟರ್ ಜೊತೆ 1987ರಲ್ಲಿ ಲೆಕ್ಕ ಕೊಟ್ರು, ಹಾಗಾಗಿ ಆ ಅಂದಾಜು ಹೆಚ್ಚು ಸಲ ಸರಿ ಹೋಗುತ್ತೆ. ಈಗ ನಾವು ಕ್ಯಾ-ರೆಕ್-ಟರ್ ಅಂತ ನಡುವೆ ಒತ್ತಿದ್ರೆ ಅವರ ಕಿವಿ ರೆಕ್ ಇಂದ ಶುರುವಾಗೋ ಪದ ಹುಡುಕೋಕೆ ಹೊರಡುತ್ತೆ. ಅಷ್ಟರಲ್ಲಿ ನಾವು ಮುಂದಿನ ಎರಡು ಪದ ಹೇಳಿ ಆಗಿರುತ್ತೆ.

ನಮ್ಮ ದೇಶದಲ್ಲೇ ಇದನ್ನ ಬಹಳ ಹಿಂದೆ ಅಳೆದವರು ಇದ್ದಾರೆ. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟಲ್ಲಿದ್ದ ಆರ್. ಕೆ. ಬನ್ಸಾಲ್ ಅವ್ರು, ಈಗ ಅದು ಇಂಗ್ಲಿಷ್ ಅಂಡ್ ಫಾರಿನ್ ಲ್ಯಾಂಗ್ವೇಜಸ್ ಯೂನಿವರ್ಸಿಟಿ, ಓದು ಬಲ್ಲ ಭಾರತೀಯರ ಇಂಗ್ಲಿಷನ್ನ ರೆಕಾರ್ಡ್ ಮಾಡಿ ಹೊರದೇಶದವರಿಗೆ ಕೇಳಿಸಿ ನೋಡಿದ್ರು. 1969ರಲ್ಲಿ ಅದು ಪ್ರಕಟ ಆಯ್ತು. ಇಂಗ್ಲೆಂಡಿನ ಕೇಳುಗರಿಗೆ ಸರಾಸರಿ ಶೇಕಡಾ 70ರ ಆಸುಪಾಸು ಅರ್ಥ ಆಗಿತ್ತು, ಆಗದೇ ಇದ್ದದ್ದಕ್ಕೆ ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು ಒತ್ತು ತಪ್ಪಾದ ಜಾಗದಲ್ಲಿ ಬಿದ್ದದ್ದು. ಆಮೇಲೆ 2005ರಲ್ಲಿ ಜಾನ್ ಫೀಲ್ಡ್ ಅನ್ನೋರು ಇನ್ನೊಂದು ಉಪಯೋಗದ ಮಾತು ಹೇಳಿದ್ರು. ಒತ್ತು ಇರಬೇಕಾದ ಜಾಗಕ್ಕಿಂತ ಮುಂದಕ್ಕೆ, ಅಂದ್ರೆ ಪದದ ಕೊನೆ ಕಡೆಗೆ ಜರುಗಿದ್ರೆ ಕೇಳೋರಿಗೆ ಹೆಚ್ಚು ಕಷ್ಟ, ಶುರುವಿನ ಕಡೆ ಜರುಗಿದ್ರೆ ಅಷ್ಟಿಲ್ಲ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಕಮಿಟಿ ಡೆವಲಪ್ ಗುಂಪಿಗಿಂತ ಇಂಡಸ್ಟ್ರಿ ಕ್ಯಾಲೆಂಡರ್ ಗುಂಪು ಹೆಚ್ಚು ಅಪಾಯ. ನಾನು ಕ್ಲಾಸಲ್ಲಿ ಮೊದಲು ಕೈ ಹಾಕೋದೂ ಆ ಗುಂಪಿಗೇ.

ಇಷ್ಟೆಲ್ಲ ಗೊತ್ತಿದ್ರೂ ಟ್ರೇನಿಂಗ್ ಅಂತ ಕೊಡೋದು ಬೇರೇನೇ. ಎರಡು ಸಾವಿರದ ಇಸವಿ ಆಚೆ ಈಚೆ ಬೆಂಗಳೂರಲ್ಲಿ ಕಾಲ್ ಸೆಂಟರ್‌ಗಳು ಎದ್ದಾಗ ನಾನೂ ಒಂದರಲ್ಲಿದ್ದೆ, ಅಲ್ಲಿ ವಿ ಅಂಡ್ ಎ ಅಂತ ಟ್ರೇನಿಂಗ್, ವಾಯ್ಸ್ ಅಂಡ್ ಆಕ್ಸೆಂಟ್. ಎಮ್‌ಟಿಐ, ಎಮ್‌ಟಿಐ ಅಂತ ಒಂದೇ ಜಪ, ಮದರ್ ಟಂಗ್ ಇನ್‌ಫ್ಲುಯೆನ್ಸ್, ಅದೇನೋ ಕಾಯಿಲೆ ಅನ್ನೋ ಹಂಗೆ ಫಾರ್ಮಲ್ಲಿ ಅದಕ್ಕೊಂದು ಕಾಲಂ ಬೇರೆ. ಎರಡು ತರದ ವ, ತುಟಿ ಕಚ್ಚೋದು, ಅಮೆರಿಕದ ರ ತರ ನಾಲಿಗೆ ಮಡಿಚೋದು, ಇದಕ್ಕೇ ಸಮಯ ಎಲ್ಲ ಹೋಯ್ತು. ಒತ್ತಿನ ಪಾಠ ಒಂದು ಮಧ್ಯಾಹ್ನದಲ್ಲಿ ಮುಗೀತು. ಫ್ಲೋರಿಗೆ ಹೋದ್ಮೇಲೆ ಕಸ್ಟಮರ್ "ಕಂ ಅಗೇನ್?" ಅಂತ ಕೇಳ್ತಿದ್ದದ್ದು ಹೆಚ್ಚಾಗಿ ಒತ್ತು ತಪ್ಪಿದಾಗಲೇ, ವ ತಪ್ಪಿದಾಗ ಅಲ್ಲ. ನಮ್ಮ ಹುಡುಗ್ರು ಹುಡುಗೀರು ತಮ್ಮ ಭಾಷೆ ಬಗ್ಗೆ ನಾಚಿಕೆ ಪಟ್ಕೊಂಡು ಹೊರಬಂದ್ರು, ಕೇಳಿದವರಿಗೆ ಅರ್ಥ ಆಗೋದು ಮಾತ್ರ ಹೆಚ್ಚಾಗ್ಲಿಲ್ಲ. ಆ ಸಿಟ್ಟು ನನಗೆ ಈಗಲೂ ಇದೆ.

ಒತ್ತು ಜರುಗಿದ್ರೆ ಅರ್ಥಾನೇ ಬದಲಾಗೋ ಪದಗಳೂ ಇವೆ. ರೆಕಾರ್ಡ್, ಪ್ರೆಸೆಂಟ್, ಪರ್ಮಿಟ್, ಆಬ್ಜೆಕ್ಟ್, ಇವುಗಳಲ್ಲಿ ಮೊದಲು ಒತ್ತಿದ್ರೆ ವಸ್ತುವಿನ ಹೆಸರು, ಆಮೇಲೆ ಒತ್ತಿದ್ರೆ ಕೆಲಸ. ಇದು ಇಂಗ್ಲಿಷಲ್ಲಿ ಮೊದಲಿಂದ ಹಿಂಗೇ ಇದ್ದದ್ದಲ್ಲ. 1570ರ ಒಂದು ನಿಘಂಟಲ್ಲಿ ಇಂಥ ಜೋಡಿ ಸಿಗೋದು ಮೂರೇ, ರೆಬೆಲ್, ಔಟ್‌ಲಾ, ರೆಕಾರ್ಡ್. ಆಮೇಲೆ ಒಂದೊಂದೇ ಸೇರ್ತಾ 20ನೇ ಶತಮಾನದ ಹೊತ್ತಿಗೆ ನೂರು ದಾಟಿದ್ವು. ಆದ್ರೆ ಇವುಗಳ ಬಗ್ಗೆ ನಾನು ಜಾಸ್ತಿ ತಲೆ ತಿನ್ನಲ್ಲ, ವಾಕ್ಯದಲ್ಲಿ ಯಾವುದು ಹೆಸರು ಯಾವುದು ಕ್ರಿಯೆ ಅಂತ ಹೇಗೂ ಗೊತ್ತಾಗುತ್ತೆ. ನಿಜವಾಗ್ಲೂ ಕೈ ಕೊಡೋ ಜೋಡಿ ಬೇರೆ. ಪರ್ಸನಲ್ ಮತ್ತು ಪರ್ಸನೆಲ್, ಸ್ವಂತದ್ದು ಅನ್ನೋದಕ್ಕೆ ಒತ್ತು ಮೊದಲಲ್ಲಿ, ಸಿಬ್ಬಂದಿ ಅನ್ನೋದಕ್ಕೆ ಒತ್ತು ಕೊನೆಯಲ್ಲಿ, ನಮ್ಮ ಬಾಯಲ್ಲಿ ಎರಡೂ ಒಂದೇ. ಫಿಫ್ಟೀನ್ ಮತ್ತು ಫಿಫ್ಟಿ ಇನ್ನೂ ಮುಖ್ಯ, ದುಡ್ಡಿನ ವಿಷಯ. ಐವತ್ತರಲ್ಲಿ ಒತ್ತು ಫಿಫ್ ಮೇಲೆ, ಕೊನೆಯ ಟಿ ಚಿಕ್ಕದಾಗಿ ಬಂದು ಹೋಗ್ಬೇಕು. ನಾವು ಅದನ್ನ ಫಿಫ್ಟೀ ಅಂತ ಎಳೀತೀವಿ, ಫೋನಲ್ಲಿ ಕೊನೆಯ ನ್ ಕೇಳಿಸದಿದ್ರೆ ಹದಿನೈದೋ ಐವತ್ತೋ ದೇವರೇ ಬಲ್ಲ. ಅದಕ್ಕೇ ನಮ್ಮವರೆಲ್ಲ "ಫೈವ್ ಜೀರೋನಾ, ಒನ್ ಫೈವಾ?" ಅಂತ ಕೇಳೋ ಅಭ್ಯಾಸ ಮಾಡ್ಕೊಂಡಿದ್ದಾರೆ, ಒಳ್ಳೇ ಅಭ್ಯಾಸ, ಬಿಡೋದು ಬೇಡ.

ಕ್ಲಾಸಲ್ಲಿ ನಾನು ಮಾಡೋದು ಹೀಗೆ. ಬೋರ್ಡ್ ಮೇಲೆ ಇಂಗ್ಲಿಷ್ ಪದ ಬರೆದು ಮೇಲೆ ಪ್ರಸ್ತಾರ ಹಾಕಿಸ್ತೀನಿ. ನಿಯಮ ಒಂದೇ, ಪದ ಎಷ್ಟೇ ಉದ್ದ ಇರ್ಲಿ, ದೊಡ್ಡ ಗುರು ಒಂದೇ ಒಂದು, ಮಿಕ್ಕಿದ್ದೆಲ್ಲ ಲಘು. ಒತ್ತಕ್ಷರ, ಸೊನ್ನೆ, ಯಾವುದನ್ನೂ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಇಂಡಸ್ಟ್ರಿಗೆ ಗುರು ಲಘು ಲಘು, ಕಮಿಟಿಗೆ ಲಘು ಗುರು ಲಘು. "ಮೇಡಂ ಡಸ್ ಹೆಂಗೆ ಲಘು ಆಗುತ್ತೆ, ಮುಂದೆ ಒತ್ತಕ್ಷರ ಇದೆಯಲ್ಲ" ಅಂತ ಕನ್ನಡ ಚೆನ್ನಾಗಿ ಓದಿರೋರು ಜಗಳಕ್ಕೆ ಬರ್ತಾರೆ, ನನಗೆ ಆ ಜಗಳ ಬಹಳ ಇಷ್ಟ, ಯಾಕಂದ್ರೆ ತಪ್ಪು ಎಲ್ಲಿಂದ ಬರ್ತಿದೆ ಅಂತ ಅವರಿಗೇ ಕಾಣಿಸೋ ಕ್ಷಣ ಅದು. ಆಮೇಲೆ ಕೈಗೆ ಒಂದೊಂದು ರಬ್ಬರ್ ಬ್ಯಾಂಡ್. ಗುರು ಬಂದಾಗ ಎಳೀಬೇಕು, ಲಘು ಬಂದಾಗ ಬಿಡ್ಬೇಕು. ಕ್ಯಾರಿಯರ್ ಹುಡುಗಿ ಮೊದಲು ಎಳೆದದ್ದು ಕ ಮೇಲೇ, ಬಾಯಿ ಸರಿ ಹೇಳೋಕೆ ಹೋದ್ರೂ ಕೈ ಹಳೇ ಜಾಗಕ್ಕೇ ಹೋಗ್ತಿತ್ತು. "ಕ ಅನ್ನೋದನ್ನ ಬರೀ ಉಸಿರಲ್ಲಿ ಹೇಳಮ್ಮ, ರೀ ಬಂದಾಗ ಎಳಿ" ಅಂದೆ. ಸ್ವಲ್ಪ ಹೊತ್ತಿಗೆ ಕೈಯೂ ಬಾಯೂ ಒಂದಾದ್ವು. "ಮೇಡಂ, ಇದು ಬೇರೆ ಪದ ತರಾನೇ ಕೇಳುತ್ತೆ" ಅಂದ್ಲು. ಹೌದು, ಬೇರೆ ಪದಾನೇ.

ನಿಯಮಗಳು ಪೂರ್ತಿ ಇಲ್ಲ ಅಂತೇನೂ ಇಲ್ಲ. ಕೊನೇಲಿ ಷನ್, ಇಕ್, ಇಟಿ ಬರೋ ಪದಗಳಲ್ಲಿ ಒತ್ತು ಅದಕ್ಕೆ ಮುಂಚಿನ ಸಿಲಬಲ್ ಮೇಲೆ, ಎಜುಕೇಷನ್‌ನಲ್ಲಿ ಕೇ, ಎಕನಾಮಿಕ್‌ನಲ್ಲಿ ನಾ, ಎಬಿಲಿಟಿಯಲ್ಲಿ ಬಿ. ಇಕ್‌ಗೆ ಪಾಲಿಟಿಕ್ಸ್, ಅರೇಬಿಕ್ ತರದ ತಂಟೆಕೋರರು ಇದ್ದಾರೆ, ಇರ್ಲಿ. ಗ್ರಫಿ, ಲಜಿ, ಕ್ರಸಿ ಬಂದ್ರೂ ಹಂಗೇ, ಬಯಾಲಜಿಯಲ್ಲಿ ಆ, ಡೆಮಾಕ್ರಸಿಯಲ್ಲಿ ಮಾ. ಎರಡು ಸಿಲಬಲ್ಲಿನ ಹೆಸರುಪದಗಳಲ್ಲಿ ಹೆಚ್ಚಿನವು ಮೊದಲ ಒತ್ತಿನವು. ಇಷ್ಟು ಗೊತ್ತಿದ್ರೆ ಕಾಲೇಜಿನ ಪುಸ್ತಕದಲ್ಲಿ ಬರೋ ಉದ್ದುದ್ದ ಪದಗಳಲ್ಲಿ ಬಹಳಷ್ಟು ದಾರಿಗೆ ಬರ್ತವೆ. ಮಿಕ್ಕಿದ್ದಕ್ಕೆ ಡಿಕ್ಷನರಿ, ಅದರಲ್ಲಿ ಒತ್ತಿನ ಸಿಲಬಲ್ ಶುರುವಾಗೋಕೆ ಮುಂಚೆ ಮೇಲೊಂದು ಪುಟ್ಟ ಗೀಟು ಇರುತ್ತೆ, ಡಿಗ್ರಿ ಮುಗಿಸಿದೋರಿಗೂ ಅದು ಏನು ಅಂತ ಯಾರೂ ಹೇಳಿರಲ್ಲ, ಪ್ರಿಂಟಿಂಗ್ ತಪ್ಪು ಅಂದ್ಕೊಂಡಿರ್ತಾರೆ.

ಬಾಯಿಗಿಂತ ಮೊದಲು ಕಿವಿ ಪಳಗಬೇಕು, ಇದನ್ನ ಮಾತ್ರ ಒತ್ತಿ ಹೇಳ್ತೀನಿ. ಫ್ರೆಂಚರ ಮೇಲೆ 1997ರಲ್ಲಿ ಎಮಾನ್ಯುಯೆಲ್ ಡುಪೂ ಮತ್ತವರ ಜೊತೆಗಾರರು ಪ್ರಯೋಗ ಮಾಡಿದ್ರು. ಒತ್ತಿನ ಜಾಗ ಮಾತ್ರ ಬೇರೆ ಇರೋ ಸುಳ್ಳು ಪದಗಳನ್ನ ಕೇಳಿಸಿದ್ರೆ ಸ್ಪೇನಿನವರು ಸಲೀಸಾಗಿ ಬೇರೆ ಮಾಡಿದ್ರು, ಫ್ರೆಂಚರು ತಡವರಿಸಿದ್ರು, ಅವರ ಭಾಷೇಲಿ ಒತ್ತಿಗೆ ಪದ ಬೇರೆ ಮಾಡೋ ಕೆಲಸ ಇಲ್ಲ. ನನ್ನ ಕ್ಲಾಸಲ್ಲೂ ಅದೇ ನೋಡ್ತೀನಿ. ನಾನು ಎರಡು ಸಲ ಬೇರೆ ಬೇರೆ ತರ ಹೇಳಿ "ವ್ಯತ್ಯಾಸ ಏನು?" ಅಂದ್ರೆ "ಎರಡೂ ಒಂದೇ ಮೇಡಂ" ಅಂತ ಪ್ರಾಮಾಣಿಕವಾಗಿ ಹೇಳ್ತಾರೆ. ಕೇಳಿಸದೇ ಇರೋದನ್ನ ಹೇಳು ಅಂತ ಬೈದ್ರೆ ಏನು ಬಂತು? ಅದಕ್ಕೆ ಶುರುವಲ್ಲಿ ನಾನು ಮಾತಾಡ್ಸೋದೇ ಇಲ್ಲ, ಬರೀ ಕೇಳಿ ಗುರು ಎಲ್ಲಿದೆ ಅಂತ ಬೆರಳಲ್ಲಿ ತೋರಿಸೋದು, ಅಷ್ಟೆ.

ಎಲ್ಲರಿಗೂ ಇದು ಬೇಕಾ ಅಂತ ಕೇಳಿದ್ರೆ, ಬೇಡ. ಜೆನಿಫರ್ ಜೆಂಕಿನ್ಸ್ ಅನ್ನೋರು 2000ದಲ್ಲಿ ಬೇರೆ ಬೇರೆ ಭಾಷೆಯವರು ತಮ್ಮತಮ್ಮಲ್ಲಿ ಇಂಗ್ಲಿಷ್ ಮಾತಾಡೋಕೆ ಏನೇನು ಕಡ್ಡಾಯ ಅಂತ ಪಟ್ಟಿ ಮಾಡಿದಾಗ ಪದದ ಒತ್ತನ್ನ ಹೊರಗಿಟ್ರು. ಮೈಸೂರಿನವರೂ ಚೆನ್ನೈನವರೂ ಮಾತಾಡುವಾಗ ಕ್ಯಾ-ಲೆಂ-ಡರ್ ಅಂದ್ರೆ ಇಬ್ಬರಿಗೂ ಅರ್ಥ ಆಗುತ್ತೆ, ಅಲ್ಲಿ ತಿದ್ದೋದು ಬರೀ ಅಧಿಕಪ್ರಸಂಗ. ಇಂಗ್ಲೆಂಡ್ ಅಮೆರಿಕದವರಲ್ಲೇ ಒಮ್ಮತ ಇಲ್ಲ, ಗ್ಯಾರೇಜಿಗೆ ಇಂಗ್ಲೆಂಡಿನವರದ್ದು ಮೊದಲಲ್ಲಿ ಅಮೆರಿಕದವರದ್ದು ಕೊನೇಲಿ, ಲ್ಯಾಬೊರೇಟರಿಗೆ ಅಮೆರಿಕದವರದ್ದು ಮೊದಲಲ್ಲಿ ಇಂಗ್ಲೆಂಡಿನವರದ್ದು ಎರಡನೇದರಲ್ಲಿ. ಆದ್ರೆ ವಿದೇಶಿ ಕ್ಲೈಂಟ್ ಕಾಲ್, ಹೊರಗಡೆ ಓದೋಕೆ ಹೋಗೋರ ಸೆಮಿನಾರು, ಅಲ್ಲಿನ ಆಸ್ಪತ್ರೆಗಳಿಗೆ ಹೋಗೋ ನಮ್ಮ ನರ್ಸುಗಳು, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯೋರು, ಇವರಿಗೆಲ್ಲ ಬೇಕು. ಐಇಎಲ್‌ಟಿಎಸ್ ಸ್ಪೀಕಿಂಗಲ್ಲಿ ನಾಲ್ಕರಲ್ಲಿ ಒಂದು ಪಾಲು ಅಂಕ ಉಚ್ಚಾರಣೆಗೇ ಇರೋದು, ಒತ್ತು ಅದರೊಳಗೆ ಬರುತ್ತೆ.

ಟೀಚರ್‌ಗಳಿಗೆ ಒಂದು ಮಾತು. ನಮ್ಮ ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷ್ ಪಾಠದ ಪದಗಳ ಮೇಲೆ ಪೆನ್ಸಿಲಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರ್ಕೋತಾರೆ, ಎಷ್ಟೋ ಕಡೆ ಅದಕ್ಕೆ ಬೈಗುಳ ಬೀಳುತ್ತೆ. ದಯವಿಟ್ಟು ಬೈಬೇಡಿ. ಬರೆಯೋ ರೀತಿ ಮಾತ್ರ ಸ್ವಲ್ಪ ಬದಲಾಯಿಸಿ, ಡೆವಲಪ್ ಬದಲು ಡಿವೆಲಪ್ ಅಂತ ಬರೆಸಿ ವೆ ಕೆಳಗೆ ಗೆರೆ ಹಾಕ್ಸಿ, ಕಾಂಪೊನೆಂಟ್ ಬದಲು ಕಂಪೋನಂಟ್ ಅಂತ ಬರೆಸಿ ಪೋ ಕೆಳಗೆ. ಒಂದು ಪದಕ್ಕೆ ಒಂದೇ ಗೆರೆ. ಶುರುವಿಗೆ ಇಂಡಸ್ಟ್ರಿ, ಕ್ಯಾಲೆಂಡರ್, ಕ್ಯಾರೆಕ್ಟರ್, ವೆಜಿಟೇಬಲ್, ಕಂಫರ್ಟಬಲ್, ನೆಸೆಸರಿ ಇಷ್ಟು ತಗೊಳ್ಳಿ, ಎಲ್ಲದರಲ್ಲೂ ಗೆರೆ ಮೊದಲ ಅಕ್ಷರಕ್ಕೇ ಬರುತ್ತೆ, ಮಕ್ಕಳಿಗೆ ಸುಲಭ. ಮೊದಲ ಅಕ್ಷರ ಸೊರಗಿಸ್ಬೇಕಾದ ಕರಿಯರ್, ಕಮಿಟಿ, ಹೊಟೆಲ್, ಇವೆಂಟ್ ಅದಾದ್ಮೇಲೆ ಸಾಕು.